ಲಿಂಬೆಯ ಹಳದಿ ಎಲೆ: ಗೊಬ್ಬರ ಕೊಳ್ಳುವ ಮೊದಲು ಗಿಡ ನೋಡಿರಿ

ಇಂಡಿ, ಸಿಂದಗಿ ಕಡೆಯ ಲಿಂಬೆ ತೋಟಗಳಲ್ಲಿ ಗಿಡ ಹಳದಿ ತಿರುಗಿತೆಂದರೆ ಅನೇಕ ರೈತ ಬಾಂಧವರು ಮೊದಲು ತರುವುದು ಯೂರಿಯಾ ಚೀಲ. ಹದಿನೈದು ದಿನ ಕಾದರೂ ಹಸಿರು ಬಾರದಿದ್ದರೆ ಇನ್ನೊಂದು ಚೀಲ. ಕೊನೆಗೆ ಗಿಡದ ಆಯುಷ್ಯ ಮುಗಿಯಿತೆಂದು ಕೊಡಲಿ ಹಾಕುವವರೂ ಉಂಟು. ಮಕ್ಕಳಂತೆ ಸಾಕಿದ ಗಿಡವನ್ನು ಹೀಗೆ ಕಳೆದುಕೊಳ್ಳುವ ಮೊದಲು ಒಂದು ಟೊಂಗೆ ಬಾಗಿಸಿ, ಹಳದಿಯಾಗಿರುವುದು ಹಳೆಯ ಎಲೆಯೋ ಹೊಸ ಎಲೆಯೋ ನೋಡಿರಿ.

ಹಳೆಯ ಎಲೆ ಇಡಿಯಾಗಿ ಒಂದೇ ಸಮನೆ ಹಳದಿಯಾಗಿದ್ದರೆ ಸಾರಜನಕದ ಕೊರತೆ. ಯೂರಿಯಾ ಕೆಲಸ ಮಾಡುವುದು ಅಲ್ಲಿ. ಹಳೆಯ ಎಲೆಯ ತೊಟ್ಟಿನ ಕಡೆ ಮಾತ್ರ ತ್ರಿಕೋನದಂತೆ ಹಸಿರು ಉಳಿದಿದ್ದರೆ ಮೆಗ್ನೀಸಿಯಂ ಸಾಲದು. ಹೊಸ ಎಲೆ ಚಿಕ್ಕದಾಗಿ, ಕಿರಿದಾಗಿ, ನೆಟ್ಟಗೆ ನಿಂತು, ಹಸಿರು ನರಗಳ ನಡುವೆ ಹಳದಿ ಮಚ್ಚೆ ಕಂಡರೆ ಅದು ಸತುವಿನ ಕೊರತೆ. ಹೊಸ ಎಲೆಯ ಗಾತ್ರ ಅಷ್ಟಾಗಿ ಕುಗ್ಗದೆ, ಬಿಳಿಹಳದಿ ಎಲೆಯ ಮೇಲೆ ಹಸಿರು ಬಲೆ ಹರಡಿದಂತಿದ್ದರೆ ಕಬ್ಬಿಣದ ಕೊರತೆ.

ಸುಣ್ಣದಂಶ ಹೆಚ್ಚಿರುವ ಕಪ್ಪು ಭೂಮಿಯಲ್ಲಿ ಈ ಕೊನೆಯ ಎರಡೇ ಹೆಚ್ಚು ಕಾಡುತ್ತವೆ. ಸತು, ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಬುಡಕ್ಕೆ ಹಾಕಿದ ಸತುವಿನ ಸಲ್ಫೇಟೂ ಬಹುಪಾಲು ಮಣ್ಣಿನಲ್ಲೇ ಸಿಕ್ಕಿಬೀಳುತ್ತದೆ. ಆದ್ದರಿಂದ ಎಲೆಗೇ ಉಣಿಸುವುದು ಲೇಸು. 100 ಲೀಟರ್ ನೀರಿನಲ್ಲಿ 500 ಗ್ರಾಂ ಸತುವಿನ ಸಲ್ಫೇಟ್ ಕರಗಿಸಿರಿ. ಅರಳಿಸಿದ ಸುಣ್ಣ 250 ಗ್ರಾಂ ಬೇರೆಯಾಗಿ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಅದಕ್ಕೆ ಕೂಡಿಸಿರಿ. ಸುಣ್ಣ ಬಿಟ್ಟರೆ ಎಳೆ ಎಲೆ ಸುಡಬಹುದು. ಹೊಸ ಎಲೆ ಮುಕ್ಕಾಲು ಬಲಿತಾಗ, ಬಿಸಿಲೇರುವ ಮೊದಲು ಸಿಂಪಡಿಸಬೇಕು. ಕಬ್ಬಿಣದ ಕೊರತೆಗೆ ಮಾತ್ರ ಔಷಧಿಗಿಂತ ಮೊದಲು ನೀರಿನ ಕಡೆ ಗಮನ ಕೊಡಿರಿ. ಮಡಿಯಲ್ಲಿ ನೀರು ನಿಂತಷ್ಟೂ ಅದು ಹೆಚ್ಚುತ್ತದೆ.

ಇನ್ನು ಎಲೆಯ ನರಗಳೂ ಹಳದಿಯಾಗಿ ಟೊಂಗೆ ಒಣಗತೊಡಗಿದ್ದರೆ ಬುಡದ ತೊಗಟೆ ನೋಡಿರಿ. ಅಂಟು ಸೋರುತ್ತಿದ್ದರೆ ಯಾವ ಗೊಬ್ಬರವೂ ಉಪಯೋಗವಿಲ್ಲ. ಕೊಳೆತ ತೊಗಟೆ ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚಿ, ಕಾಂಡಕ್ಕೆ ನೀರು ತಾಗದಂತೆ ಸುತ್ತ ಮಣ್ಣಿನ ಒಡ್ಡು ಕಟ್ಟಿರಿ.

ಚಿಗುರು ಬಂದಾಗ ಇನ್ನೊಂದು ಕಾಟ ರಂಗೋಲಿ ಹುಳು. ಎಳೆ ಎಲೆಯೊಳಗೆ ಬೆಳ್ಳಿ ಗೆರೆ ಎಳೆಯುವ ಇದರ ಹಾನಿ ಮೇಲ್ನೋಟಕ್ಕೆ ಅಲ್ಪ. ಆದರೆ ಆ ಗಾಯದ ಮೂಲಕವೇ ಕಜ್ಜಿ ರೋಗ ಒಳಹೊಕ್ಕು, ಮುಂದೆ ಕಾಯಿಯ ಮೇಲೂ ಹುರುಪೆ ಎದ್ದು ಪೇಟೆಯಲ್ಲಿ ಬೆಲೆ ಬೀಳುತ್ತದೆ. ಚಿಗುರು ಬೆರಳುದ್ದ ಬರುವುದರೊಳಗೆ, ಸಂಜೆ ಹೊತ್ತು, ಬೇವಿನ ಬೀಜದ ಕಷಾಯ ಹೊಡೆಯಿರಿ: 5 ಕಿಲೋ ಬೇವಿನ ತಿರುಳಿನ ಪುಡಿ ರಾತ್ರಿ ನೆನೆಸಿ, ಹಿಂಡಿ ಸೋಸಿ, 100 ಲೀಟರ್ ಮಾಡಿಕೊಳ್ಳಿ. ಕಜ್ಜಿ ಬಂದ ರೆಂಬೆಗಳನ್ನು ಒಣ ಹವೆಯಲ್ಲಿ ಕತ್ತರಿಸಿ ಸುಟ್ಟು, ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಿರಿ. ಎಲೆ ಒದ್ದೆಯಿದ್ದಾಗ ತೋಟದಲ್ಲಿ ಓಡಾಡಿದರೆ ರೋಗವನ್ನು ಅಂಗಿಯಲ್ಲೇ ಹೊತ್ತು ತಿರುಗಿದಂತೆ. ಹಕ್ಕಿಯ ಹಿಕ್ಕೆಯಂತೆ ಕಾಣುವ ಚಿಟ್ಟೆ ಹುಳುವನ್ನು ಸಸಿಗಳಿಂದ ಕೈಯಲ್ಲೇ ಆರಿಸಿದರೆ ಸಾಕು.

ಕಳೆಯೆಂದು ಗಿಡದ ಕೆಳಗೆ ಆಳವಾಗಿ ರಂಟೆ ಹೊಡೆಯುವುದು ಸಲ್ಲದು. ಲಿಂಬೆಯ ಉಣ್ಣುವ ಬೇರುಗಳು ಬಹುಪಾಲು ಮೇಲಿನ ಒಂದಡಿಯಲ್ಲೇ ಇವೆ. ಅವು ಹರಿದರೆ ಮತ್ತೆ ಎಲೆ ಹಳದಿ, ಮತ್ತೆ ಯೂರಿಯಾ! ಕರಿಕೆ, ಜೇಕುಗಳನ್ನು ಗಿಡ ಚಿಕ್ಕದಿರುವಾಗಲೇ ಗಡ್ಡೆ ಸಹಿತ ಆರಿಸಿರಿ. ಮುಂಗಾರಿನಲ್ಲಿ ಸಾಲುಗಳ ನಡುವೆ ಅಲಸಂದಿ ಬಿತ್ತಿ, ಹೂ ಬಂದಾಗ ಕೊಯ್ದು, ಕಾಂಡದಿಂದ ಒಂದು ಗೇಣು ಬಿಟ್ಟು ಪಾತಿಯಲ್ಲಿ ಹರಡಿರಿ.