ಮೂವತ್ತಾರು ಕಡ್ಡಿಯ ಗಾಲಿ

ಗೋಣಿತಟ್ಟಿನ ಮೇಲೆ ಎಲ್ಲವೂ ಬಿಡಿಬಿಡಿಯಾಗಿ ಬಿದ್ದಿವೆ. ಒಂದು ಅಲ್ಯೂಮಿನಿಯಂ ರಿಮ್ಮು. ಒಂದು ಹಬ್ಬು. ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ 36 ಉಕ್ಕಿನ ಕಡ್ಡಿ. ಡಬ್ಬಿಯೊಂದರ ಮುಚ್ಚಳದಲ್ಲಿ ಹಿತ್ತಾಳೆಯ ನಿಪ್ಪಲ್ಲುಗಳು, ಅವುಗಳ ಮೇಲೆ ಎರಡು ಹನಿ ಎಣ್ಣೆ. ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿದರೆ ಬಳುಕುತ್ತದೆ. ಕಡ್ಡಿಯನ್ನು ಬೆರಳಲ್ಲೇ ಬಗ್ಗಿಸಬಹುದು. ಇಷ್ಟು ಬಡಕಲು ಸಾಮಾನುಗಳು ಸೇರಿ, ಆಳೊಬ್ಬರನ್ನು ಹೊತ್ತು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಗಾಲಿಯಾಗಬೇಕು.

ವಿಜಯಪುರದ ಓಣಿಯೊಂದರ ಸೈಕಲ್ ಅಂಗಡಿ. ಹೊರಗೆ ಪಂಕ್ಚರ್ ನೋಡುವ ನೀರಿನ ಬೋಗುಣಿ, ಒಳಗೆ ಸೊಲ್ಯೂಷನ್ನಿನ ವಾಸನೆ, ಮೊಳೆಗೆ ತೂಗಿದ ಟೈರುಗಳು. ಅಂಗಡಿಯ ಹಿರಿಯರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತಾರೆ. ಅವರೆದುರು ಮೋಟು ಸ್ಟೂಲಿನ ಮೇಲೆ ಕೂತಿರುವವಳು ಟ್ರ್ಯಾಕ್ ಸೈಕ್ಲಿಂಗ್ ಅಭ್ಯಾಸ ಮಾಡುತ್ತಿರುವ ಹುಡುಗಿ. ಈ ಸೀಮೆಯಲ್ಲಿ ಇದು ಅಪರೂಪದ ನೋಟವಲ್ಲ. ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನಡೆಸುವ ಊರುಗಳಿವು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಹೊರಟ ಮಕ್ಕಳು ಕ್ರೀಡಾ ವಸತಿ ನಿಲಯ ಸೇರಿ, ಅಲ್ಲಿಂದ ರಾಷ್ಟ್ರಮಟ್ಟದ ಸ್ಪರ್ಧೆಗಳವರೆಗೆ ಹೋಗಿದ್ದಾರೆ.

“ಕಾಕಾ, ಹಿಂದಿನ ಗಾಲಿ ಭಾಳ ಬಿಗಿ ಮಾಡ್ರಿ. ಎಷ್ಟ್ ಆಗ್ತದ ಅಷ್ಟು.”

“ಬಿಗಿ ಆದ್ರ ಗಟ್ಟಿ ಅಂತ ಯಾರ್ ಹೇಳ್ಯಾರ ನಿನಗ? ಮೊದಲ ಸಮ ಆಗಬೇಕು ಯವ್ವಾ. ಸಮ ಆದ ಮ್ಯಾಲ ಬಿಗಿ.”

ಗಾಲಿ ಕಟ್ಟುವ ವಿದ್ಯೆಯೆಲ್ಲ ಆ ಎರಡು ಮಾತಿನಲ್ಲಿದೆ ಎಂದು ನನಗೆ ಮನವರಿಕೆಯಾದದ್ದು ಮುಂದಿನ ಎರಡು ತಾಸಿನಲ್ಲಿ.

ಕಾಕಾ ಹಬ್ಬನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಮಾಮೂಲಿ ಸೈಕಲ್ಲಿನ ಹಬ್ಬಲ್ಲ ಇದು. ಎರಡೂ ಬದಿಗೆ ಅಗಲವಾದ ಬಿಲ್ಲೆಗಳು, ಬಿಲ್ಲೆಯ ಅಂಚಿಗೆ ಹದಿನೆಂಟು ಹದಿನೆಂಟು ತೂತು, ನಡುವೆ ತೂಕ ಇಳಿಸಲು ಕೊರೆದ ದೊಡ್ಡ ಕಿಂಡಿಗಳು. ಬಲಬದಿಯಲ್ಲಿ ಎರಡು ಮೆಟ್ಟಿಲಿನಂತೆ ಕೊರೆದ ತಿರುಪಿನ ಮರೆ: ಒಳಗಿನದು ದೊಡ್ಡದು, ಹಲ್ಲಿನ ಚಕ್ರಕ್ಕೆ, ಹೊರಗಿನದು ಸಣ್ಣದು, ಅದೂ ಉಲ್ಟಾ ಮರೆ, ಲಾಕ್ ರಿಂಗಿಗೆ. ಫ್ರೀವೀಲ್ ಕೂರಲು ಜಾಗವೇ ಇಲ್ಲ. ಗಾಲಿ ತಿರುಗುತ್ತಿರುವಷ್ಟು ಹೊತ್ತು ಪೆಡಲೂ ತಿರುಗಲೇಬೇಕು. ಇಳಿಜಾರಿನಲ್ಲಿ ಕಾಲು ಬಿಟ್ಟು ಕೂರುವ ಸುಖ ಈ ಸೈಕಲ್ಲಿಗಿಲ್ಲ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕೂ ಇಲ್ಲ. ವೇಗ ತಗ್ಗಿಸಬೇಕೆಂದರೆ ತಿರುಗುವ ಪೆಡಲನ್ನು ಕಾಲಿನಿಂದಲೇ ಹಿಂದಕ್ಕೆ ತಡೆಯಬೇಕು. ಹಾಗಾಗಿ ಗಾಲಿಯ ಮೇಲೆ ಬೀಳುವ ತಿರುಚು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ.

ಕಾಕಾ ಅವರ ಕೈ ಪಳಗಿದ್ದು ನಮ್ಮ ಹಳೆಯ ಕರಿ ಸೈಕಲ್ಲುಗಳ ಮೇಲೆ. ಅವುಗಳ ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಇಲ್ಲಿ 36. ಲೆಕ್ಕ ಬದಲಾದರೂ ಕೈಗೆ ಗೊಂದಲವಿಲ್ಲ. ಮೊದಲ ಒಂಬತ್ತು ಕಡ್ಡಿಗಳನ್ನು ಒಂದು ಬಿಲ್ಲೆಯಲ್ಲಿ ಒಂದು ಬಿಟ್ಟು ಒಂದು ತೂತಿಗೆ ಪೋಣಿಸಿದರು. ಮೊದಲ ಕಡ್ಡಿ ಗಾಳಿ ತುಂಬುವ ವಾಲ್ವಿನ ತೂತಿನ ಪಕ್ಕಕ್ಕೆ. ಆಮೇಲೆ ರಿಮ್ಮಿನ ಪ್ರತಿ ನಾಲ್ಕನೆಯ ತೂತಿಗೆ ಒಂದೊಂದು. ಗಾಲಿ ಮಗುಚಿ ಇನ್ನೊಂದು ಬದಿಗೆ ಒಂಬತ್ತು. ಈಗ ಹಬ್ಬು ರಿಮ್ಮಿನ ನಡುವೆ ಸಡಿಲವಾಗಿ ಜೋತಾಡುತ್ತಿದೆ.

ಅಲ್ಲಿ ಅವರು ಹಬ್ಬನ್ನು ಹಿಡಿದು ಒಂದು ತಿರುವು ಕೊಟ್ಟರು. ನೆಟ್ಟಗಿದ್ದ ಹದಿನೆಂಟೂ ಕಡ್ಡಿಗಳು ಒಂದೇ ದಿಕ್ಕಿಗೆ ವಾಲಿಕೊಂಡವು. ನೋಡಲು ಇದಕ್ಕಿಂತ ಚೆಂದದ ಗಳಿಗೆ ಈ ಕೆಲಸದಲ್ಲಿ ಬೇರೆ ಇಲ್ಲ. ಉಳಿದ ಹದಿನೆಂಟು ಈಗ ಎದುರು ದಿಕ್ಕಿಗೆ ಹೊರಡುತ್ತವೆ. ಒಂದೊಂದೂ ತನ್ನ ಬಿಲ್ಲೆಯ ಮೂರು ಕಡ್ಡಿಗಳನ್ನು ಹಾಯಬೇಕು: ಮೊದಲ ಎರಡನ್ನು ಹೊರಗಿನಿಂದ ದಾಟಿ, ಮೂರನೆಯದರ ಒಳಗೆ ನುಸುಳಿ ರಿಮ್ಮಿಗೆ ಏರಬೇಕು. ನುಸುಳಿಸುವಾಗ ಕಾಕಾ ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ ಬಿಟ್ಟರು. ಅದು ನೆಟ್ಟಗಾಗಿ ತನ್ನ ತೂತಿನ ಬಾಯಿಗೆ ತಾನೇ ಬಂದು ನಿಂತಿತು. ಎರಡನೇ ಹದಿನೆಂಟು ಮುಗಿದಾಗ ವಾಲ್ವಿನ ತೂತಿನ ಎರಡೂ ಪಕ್ಕದ ಕಡ್ಡಿಗಳು ಒಂದಕ್ಕೊಂದು ಸಮಾನಾಂತರವಾಗಿ ನಿಂತಿದ್ದವು. ಪಂಪು ಹಿಡಿದ ಕೈಗೆ ಅಲ್ಲಿ ಧಾರಾಳ ಜಾಗ. ತಪ್ಪಿ ಒಂದು ತೂತು ಆಚೀಚೆಯಾಗಿದ್ದರೆ ಅದೇ ಜಾಗದಲ್ಲಿ ಎರಡು ಕಡ್ಡಿ ಹಾಯ್ದು ವಾಲ್ವನ್ನು ಮುಚ್ಚುತ್ತಿದ್ದವು.

ಈ ಹಾಯಿಸುವಿಕೆ ಅಲಂಕಾರಕ್ಕಲ್ಲ. ಹಬ್ಬಿನಿಂದ ರಿಮ್ಮಿಗೆ ನೇರ ಹೊರಟ ಕಡ್ಡಿ ಭಾರ ತಡೆದೀತು, ತಿರುಚನ್ನು ದಾಟಿಸಲಾರದು. ಬಿಲ್ಲೆಯ ಅಂಚಿಗೆ ಸವರಿದಂತೆ ಓರೆಯಾಗಿ ಹೊರಟ ಕಡ್ಡಿ ಹಬ್ಬು ತಿರುಗಿದ ಕೂಡಲೇ ರಿಮ್ಮನ್ನು ಎಳೆಯುತ್ತದೆ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದದ್ದು ಈ ಓರೆ ಜೋಡಣೆಗೆ. ಅದಕ್ಕೆ ಐದು ವರ್ಷ ಮೊದಲು, 1869ರಲ್ಲಿ, ಪ್ಯಾರಿಸಿನ ಯೂಜೀನ್ ಮೇಯರ್ ತಂತಿಯ ಕಡ್ಡಿಗಳ ಗಾಲಿಯನ್ನು ಸೈಕಲ್ಲಿಗೆ ತಂದಿದ್ದ. ಸೈಕಲ್ಲಿನ ಉಳಿದೆಲ್ಲ ಭಾಗಗಳು ಎಷ್ಟು ರೂಪ ಬದಲಿಸಿವೆ! ಓಣಿಯ ಈ ಗಾಲಿಯನ್ನು ಸ್ಟಾರ್ಲಿ ನೋಡಿದ್ದರೆ ಗುರುತು ಹಿಡಿಯುತ್ತಿದ್ದ.

ಮಾಮೂಲಿ ಸೈಕಲ್ಲಿನಲ್ಲಿ ಓರೆ ಕಡ್ಡಿಗಳಲ್ಲಿ ಅರ್ಧದಷ್ಟು ಪೆಡಲ್ ತುಳಿದಾಗ ಹೆಚ್ಚು ಎಳೆಯುತ್ತವೆ, ಉಳಿದರ್ಧ ಅಷ್ಟೇ ಸಡಿಲಗೊಳ್ಳುತ್ತವೆ. ಫ್ರೀವೀಲ್ ಇಲ್ಲದ ಈ ಫಿಕ್ಸೆಡ್ ಗಾಲಿಯಲ್ಲಿ ಆ ಸರದಿ ಅದಲುಬದಲಾಗುತ್ತಲೇ ಇರುತ್ತದೆ. ಕಾಲು ಹಿಂದಕ್ಕೆ ತಡೆದಾಗ ಸಡಿಲಗೊಂಡಿದ್ದವು ಎಳೆಯುತ್ತವೆ, ಎಳೆದಿದ್ದವು ಸಡಿಲಗೊಳ್ಳುತ್ತವೆ. ಯಾವ ಕಡ್ಡಿಗೂ ಹಗುರ ಪಾಲಿಲ್ಲ. ಎಷ್ಟು ಬಲ ಬೀಳುತ್ತದೆ ಎಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. 80 ಕಿಲೋ ತೂಕದ ಸವಾರ ಒಂದೇ ಪೆಡಲಿನ ಮೇಲೆ ಪೂರ್ತಿ ನಿಂತ ಎನ್ನೋಣ. ಮುಂದೆ 49 ಹಲ್ಲು, ಹಿಂದೆ 14. ಪೆಡಲಿನ ಒಂದು ಸುತ್ತಿಗೆ ಗಾಲಿ ಮೂರೂವರೆ ಸುತ್ತು ತಿರುಗುವುದರಿಂದ ಹಬ್ಬಿಗೆ ತಲುಪುವ ತಿರುಚು ಅಷ್ಟು ಪಟ್ಟು ಕಡಿಮೆ. ಅದನ್ನು ಅಗಲ ಬಿಲ್ಲೆಯ 36 ಕಡ್ಡಿಗಳಿಗೆ ಹಂಚಿದರೆ ಒಂದೊಂದರ ಎಳೆತದಲ್ಲಿ ಏರುವುದು ಅಥವಾ ಇಳಿಯುವುದು ಸುಮಾರು ನಾಲ್ಕು ಕಿಲೋ. ಪ್ರತಿ ಕಡ್ಡಿಯಲ್ಲಿ ಮೊದಲೇ ಕಟ್ಟಿಟ್ಟ ಎಳೆತ ಸುಮಾರು 100 ಕಿಲೋ. ನಾಲ್ಕು ಕಿಲೋ ಅದರಲ್ಲಿ ಎಲ್ಲಿ ಲೆಕ್ಕ?

ಆ 100 ಕಿಲೋವನ್ನು ಕಟ್ಟುವ ಕೆಲಸ ಈಗ ಶುರು. ಕಾಕಾ ಹಳೆಯ ಫೋರ್ಕೊಂದನ್ನು ವೈಸಿಗೆ ತಲೆಕೆಳಗಾಗಿ ಕಚ್ಚಿಸಿ, ಅದರ ಕಾಲುಗಳ ಅಂತರ ಹಿಗ್ಗಿಸಿ ಸ್ಟ್ಯಾಂಡ್ ಮಾಡಿಕೊಂಡಿದ್ದಾರೆ. ಗಾಲಿ ಅದರಲ್ಲಿ ಕೂತಿತು. ಸ್ಪೋಕ್ ಚಾವಿ ಕೈಗೆ ಬಂತು. ಎಲ್ಲ ನಿಪ್ಪಲ್ಲುಗಳನ್ನೂ ಕಡ್ಡಿಯ ಮರೆ ಕಾಣದಾಗುವವರೆಗೆ ತಿರುಗಿಸಿ ಒಂದೇ ಮಟ್ಟಕ್ಕೆ ತಂದರು. ಅಲ್ಲಿಂದ ವಾಲ್ವಿನಿಂದ ಹೊರಟು ವಾಲ್ವಿಗೆ ಬರುವವರೆಗೆ ಒಂದೊಂದಕ್ಕೂ ಅರ್ಧ ಸುತ್ತು. ಮತ್ತೆ ಅರ್ಧ. ಮತ್ತೆ ಕಾಲು. 2 ಮಿಲಿಮೀಟರ್ ದಪ್ಪದ ಕಡ್ಡಿಯ ಮರೆಯಲ್ಲಿ ಒಂದಿಂಚಿಗೆ 56 ಸುತ್ತುಗಳಿರುತ್ತವೆ, ಅಂದರೆ ನಿಪ್ಪಲ್ಲಿನ ಒಂದು ಪೂರ್ತಿ ಸುತ್ತು ಅರ್ಧ ಮಿಲಿಮೀಟರಿಗಿಂತ ಕಡಿಮೆ ಎಳೆಯುತ್ತದೆ. ಅವಸರ ಈ ಕೆಲಸಕ್ಕೆ ಒಗ್ಗುವುದೇ ಇಲ್ಲ.

ಎಡ ಅಂಗೈಯಲ್ಲಿ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ ಫೋರ್ಕಿನ ಕಾಲಿಗೆ ಆನಿಸಿದ ಸೀಮೆಸುಣ್ಣದ ತುಂಡನ್ನು ರಿಮ್ಮಿನ ಹತ್ತಿರ ತಂದರು. ಎಲ್ಲಿ ಔಟ್ ಇದೆಯೋ, ಅಂದರೆ ರಿಮ್ಮು ಸೊಟ್ಟಗಿದೆಯೋ, ಅಲ್ಲಿ ಬಿಳಿ ಗೀರು ಬಿತ್ತು. ಬಲಕ್ಕೆ ಬಂದಿದ್ದರೆ ಆ ಜಾಗದ ಎಡಗಡ್ಡಿ ಬಿಗಿ, ಬಲಗಡ್ಡಿ ಅಷ್ಟೇ ಸಡಿಲ. ಎತ್ತರದ ಏರುಪೇರು ಬೇರೆ; ಅದಕ್ಕೆ ಎರಡೂ ಬದಿಯ ಕಡ್ಡಿಗಳನ್ನು ಒಟ್ಟಿಗೇ ಬಿಗಿಸಬೇಕು. ಪ್ರತಿಸಲ ಚಾವಿಯನ್ನು ಬೇಕಾದದ್ದಕ್ಕಿಂತ ತುಸು ಮುಂದೆ ತಿರುಗಿಸಿ ಅಷ್ಟೇ ಹಿಂದಕ್ಕೆ ತರುತ್ತಿದ್ದರು. ನಿಪ್ಪಲ್ಲಿನ ಜತೆ ಕಡ್ಡಿಯೂ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಅಲ್ಲೇ ಬಿಡಿಸದಿದ್ದರೆ ಮೊದಲ ಓಟದಲ್ಲಿ ಅದು ತಾನೇ ಬಿಚ್ಚಿಕೊಂಡು ಗಾಲಿ ಮತ್ತೆ ಸೊಟ್ಟಗಾಗುತ್ತದೆ.

“ಇತ್ತ ಕೇಳ,” ಎಂದು ಕಾಕಾ ಒಂದು ಕಡ್ಡಿಯನ್ನು ಉಗುರಿನಿಂದ ಮೀಟಿದರು. ಪಕ್ಕದ್ದನ್ನು ಮೀಟಿದರು. ಮೂರನೆಯದರ ದನಿ ತಗ್ಗಿತ್ತು. ಹುಡುಗಿ ಕೇಳಿದ ಕೂಡಲೇ ಬೆರಳಿಟ್ಟು ತೋರಿಸಿದಳು. ರಿಮ್ಮು ಕಣ್ಣಿಗೆ ನೆಟ್ಟಗೇ ಇತ್ತು. ಕಣ್ಣಿಗೆ ಸಿಗದ ಸಡಿಲು ಕಿವಿಗೆ ಸಿಕ್ಕಿತು. ಎಳೆತ ಅಳೆಯುವ ಮೀಟರುಗಳು ಈಗ ಸಿಗುತ್ತವೆ, ಒಳ್ಳೆಯ ಸಾಧನಗಳೇ. ಆದರೆ ಒಂದು ಬದಿಯ ಕಡ್ಡಿಗಳೆಲ್ಲ ಒಂದೇ ಬಿಗಿಯಲ್ಲಿವೆಯೇ ಎಂದು ತಿಳಿಯಲು ಕಿವಿ ಸಾಕು.

ಟ್ರ್ಯಾಕ್ ಗಾಲಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಲ್ಲಿಯೇ. ಗಿಯರ್ ಸೈಕಲ್ಲಿನ ಹಿಂಗಾಲಿಯಲ್ಲಿ ಬಲಬದಿಯ ಹಲ್ಲುಚಕ್ರಗಳ ಗೊಂಚಲಿಗೆ ಜಾಗ ಕೊಡಲು ಬಲ ಬಿಲ್ಲೆಯನ್ನು ಒಳಕ್ಕೆ ಸರಿಸಿರುತ್ತಾರೆ. ರಿಮ್ಮು ನಡುವೆ ನಿಲ್ಲಬೇಕಾದರೆ ಬಲಗಡ್ಡಿಗಳು ಬಹಳ ಬಿಗಿ, ಎಡಗಡ್ಡಿಗಳಿಗೆ ಅದರ ಅರ್ಧ ಅಥವಾ ತುಸು ಹೆಚ್ಚು. ಟ್ರ್ಯಾಕ್ ಹಬ್ಬಿಗೆ ಒಂದೇ ಹಲ್ಲಿನ ಚಕ್ರ. ಹಬ್ಬಿನ ಅಗಲ 120 ಮಿಲಿಮೀಟರ್. ಎರಡೂ ಬಿಲ್ಲೆಗಳು ಮಧ್ಯದಿಂದ ಸಮದೂರ. ಎಡವೂ ಬಲವೂ ಒಂದೇ ದನಿ ಕೊಡುತ್ತವೆ. ಗಾಲಿಯನ್ನು ಸ್ಟ್ಯಾಂಡಿನಿಂದ ತೆಗೆದು ಮಗುಚಿ ಕೂರಿಸಿದಾಗ ಸೀಮೆಸುಣ್ಣದ ತುದಿಗೂ ರಿಮ್ಮಿಗೂ ನಡುವೆ ಮೊದಲಿದ್ದಷ್ಟೇ ಸಂದು. ಕಾಕಾ ಮಾತಾಡಲಿಲ್ಲ, ತಲೆಯಾಡಿಸಿದರು.

36 ಕಡ್ಡಿ, ಒಂದೊಂದಕ್ಕೆ 100 ಕಿಲೋ: ಒಟ್ಟು 3,600 ಕಿಲೋ ಎಳೆತ ಈಗ ಆ ಗಾಲಿಯೊಳಗಿದೆ. ಎಲ್ಲ ದಿಕ್ಕಿನಿಂದಲೂ ಸಮವಾಗಿ ಎಳೆಯುವುದರಿಂದ ಅದು ಅಲುಗಾಡದೆ ನಿಂತಿದೆ. ಎತ್ತಿನ ಬಂಡಿಯ ಗಾಲಿಯಲ್ಲಿ ಗುಂಬದ ಕೆಳಗಿನ ಮರದ ಅರೆ ಕಂಬದಂತೆ ಭಾರ ಹೊರುತ್ತದೆ. ತಂತಿಯ ಕಡ್ಡಿಗೆ ಕಂಬವಾಗುವ ತ್ರಾಣವೆಲ್ಲಿ? ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಗಾಲಿಯ ಬಗ್ಗೆಯೇ ಒಂದು ಪುಸ್ತಕ ಬರೆದು ಇದನ್ನು ಲೆಕ್ಕ ಸಮೇತ ಬಿಡಿಸಿಟ್ಟ. ಗಾಲಿ ನೆಲ ಮುಟ್ಟುವಲ್ಲಿ ರಿಮ್ಮು ಕಣ್ಣಿಗೆ ಕಾಣದಷ್ಟು ಒಳಸರಿಯುತ್ತದೆ. ಅಲ್ಲಿನ ಕೆಲವು ಕಡ್ಡಿಗಳ ಎಳೆತ ಇಳಿಯುತ್ತದೆ. ಉಳಿದವುಗಳಲ್ಲಿ ಹೆಚ್ಚಿನ ಬದಲಾವಣೆಯೇ ಇಲ್ಲ. ಕೆಳಗಿನ ಕಡ್ಡಿಗಳು ಕಳೆದುಕೊಳ್ಳುವ ಎಳೆತವೇ ಸವಾರನ ಭಾರಕ್ಕೆ ಕೊಟ್ಟ ಆಸರೆ. ಆ ಇಳಿತಕ್ಕೆ ಸಾಕಷ್ಟು ಎಳೆತ ಮೊದಲೇ ಕಟ್ಟಿಟ್ಟಿರಬೇಕು, ಅಷ್ಟೆ.

ಕಡ್ಡಿ ಮುರಿಯುವುದೂ ಭಾರಕ್ಕಲ್ಲ, ಬಳಲಿಕೆಗೆ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಟ್ರ್ಯಾಕು 250 ಮೀಟರ್ ಸುತ್ತು. ಒಂದು ಸುತ್ತಿಗೆ ಗಾಲಿ ಸುಮಾರು 120 ಸಲ ತಿರುಗುತ್ತದೆ. 20 ಕಿಲೋಮೀಟರಿನ ಅಭ್ಯಾಸದಲ್ಲಿ ಪ್ರತಿ ಕಡ್ಡಿಯೂ ಒಂಬತ್ತೂವರೆ ಸಾವಿರ ಸಲ ಇಳಿದು ಏರುತ್ತದೆ. ಅಂಥ ಟ್ರ್ಯಾಕಿನ ತಿರುವು ಗೋಡೆಯಂತೆ ಓರೆ. ತಿರುವಿನ ತ್ರಿಜ್ಯ 22 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಲ್ಲಿ ನುಗ್ಗುವ ಸವಾರ ತನ್ನ ತೂಕದ ಒಂದೂವರೆ ಪಟ್ಟಿಗಿಂತ ಹೆಚ್ಚಾಗಿ ಗಾಲಿಯನ್ನು ಒತ್ತುತ್ತಾನೆ. ಸಡಿಲ ಕಡ್ಡಿಯೊಂದಿದ್ದರೆ ಅದು ಪ್ರತಿ ಸುತ್ತಿನಲ್ಲೂ ಪೂರ್ತಿ ಜೋಲಾಗಿ ಮತ್ತೆ ಜಗ್ಗಿಸಿಕೊಳ್ಳುತ್ತದೆ; ತಲೆಯ ಹತ್ತಿರದ ಮಡಿಕೆಯಲ್ಲಿ ಒಂದು ದಿನ ತುಂಡಾಗುತ್ತದೆ. ಅದಕ್ಕೇ ಕಾಕಾ ಕೊನೆಗೆ ಸಮಾನಾಂತರ ಕಡ್ಡಿಗಳನ್ನು ಜೋಡಿಜೋಡಿಯಾಗಿ ಮುಷ್ಟಿಯಲ್ಲಿ ಹಿಡಿದು ಬಲವಾಗಿ ಹಿಂಡಿದರು. ಮಡಿಕೆಗಳು ಬಿಲ್ಲೆಗೆ ಒಗ್ಗಿ ಕೂತವು, ಒಳಗೆ ಉಳಿದಿದ್ದ ಬಿಗುವು ಇಳಿಯಿತು. ಕಿರುಗುಟ್ಟಿದ ಸದ್ದು ನಿಂತ ಮೇಲೆ ಮತ್ತೆ ಚಾವಿ, ಮತ್ತೆ ಸೀಮೆಸುಣ್ಣ.

“ಜಪಾನಿನವರು ಕಡ್ಡಿ ಹಾಯುವಲ್ಲಿ ತಂತಿ ಸುತ್ತಿ ಬೆಸುಗೆ ಹಾಕ್ತಾರಂತಲ್ರಿ ಕಾಕಾ, ಹಂಗ ಮಾಡೂಣೇನು?”

ಅವಳು ಕೇಳಿದ್ದು ಕೇರಿನ್ ಗಾಲಿಯ ಬಗ್ಗೆ. 1948ರಲ್ಲಿ ಜಪಾನಿನ ಕೊಕುರಾದಲ್ಲಿ ಶುರುವಾದ ಆ ಓಟ 2000ದಲ್ಲಿ ಒಲಿಂಪಿಕ್ಸಿಗೂ ಬಂತು. ಜಗತ್ತಿನ ದೊಡ್ಡ ಟ್ರ್ಯಾಕ್ ಸ್ಪರ್ಧೆಗಳಲ್ಲಿ ಕಾರ್ಬನ್ನಿನ ತಟ್ಟೆಗಾಲಿಗಳು ಬಂದು ದಶಕಗಳಾದರೂ ಜಪಾನಿನ ಪುರುಷರ ಕೇರಿನ್ನಿನಲ್ಲಿ ಉಕ್ಕಿನ ಚೌಕಟ್ಟು, 36 ಕಡ್ಡಿಯ ಗಾಲಿಗಳು ಉಳಿದುಬಂದಿವೆ; ಒಪ್ಪಿಗೆಯ ಎನ್‌ಜೆಎಸ್ ಮುದ್ರೆಯಿಲ್ಲದ ಬಿಡಿಭಾಗಕ್ಕೆ ಅಲ್ಲಿ ಪ್ರವೇಶವಿಲ್ಲ. ಜೂಜು ಕಟ್ಟುವ ಓಟವಾದ್ದರಿಂದ ಎಲ್ಲರ ಸೈಕಲ್ಲೂ ಸರಿಸಮ ಇರಲಿ ಎಂಬ ಕಟ್ಟುನಿಟ್ಟು. ಅಲ್ಲಿನ ಅನೇಕ ಸವಾರರು ಕಡ್ಡಿಗಳು ಹಾಯುವ ಕಡೆ ಸಣ್ಣ ತಂತಿ ಬಿಗಿದು ಬೆಸುಗೆ ಹಾಕಿಸುತ್ತಾರೆ, ಗಾಲಿ ಗಡುಸಾಗುತ್ತದೆಂಬ ನಂಬಿಕೆಯಿಂದ. ಬ್ರಾಂಟ್ ಅಳೆದು ನೋಡಿದಾಗ ಗಡುಸಿನಲ್ಲಿ ಯಾವ ವ್ಯತ್ಯಾಸವೂ ಸಿಗಲಿಲ್ಲ. ನನಗೆ ಅವನ ಅಳತೆಯ ಮೇಲೆ ಭರವಸೆ. ಆದರೂ ಆ ಬೆಸುಗೆ ಹಾಕುವ ಕೈಗಳ ಒಪ್ಪ ಓರಣಕ್ಕೆ ನನ್ನ ಗೌರವವಿದೆ.

ಕಾಕಾ ಯಾವ ಪುಸ್ತಕವನ್ನೂ ಎತ್ತಲಿಲ್ಲ. “ನಾಳೆ ಒಂದು ಕಡ್ಡಿ ಮುರೀತು ಅಂದ್ರ? ಬೆಸುಗಿ ಬಿಚ್ಚಾಕ ಯಾರ್ ಕುಂದರ್ತಾರ? ಬ್ಯಾಡ ಬಿಡು.”

ಟೈರು ಅಂಟಿಸುವ ಕೆಲಸ ಹಾಸ್ಟೆಲಿನಲ್ಲಿ ಆಗುತ್ತದಂತೆ. ಇಲ್ಲಿ ಉಳಿದದ್ದು ಹಲ್ಲಿನ ಚಕ್ರ. ಮರೆಗೆ ಗ್ರೀಸು ಸವರಿ ಅದನ್ನು ಬಲಕ್ಕೆ ತಿರುಗಿಸಿ, ಚೈನು ಸುತ್ತಿದ ಪಾನದಿಂದ ಮೈಭಾರ ಹಾಕಿ ಬಿಗಿದರು. ಕಾಲು ಹಿಂದಕ್ಕೆ ತಡೆದಾಗಲೆಲ್ಲ ಅದು ಬಿಚ್ಚಿಕೊಳ್ಳಲು ನೋಡುತ್ತದೆ. ಲಾಕ್ ರಿಂಗಿನ ಮರೆ ಉಲ್ಟಾ ಇರುವುದು ಅದಕ್ಕೇ: ಹಲ್ಲಿನ ಚಕ್ರ ಬಿಚ್ಚಲು ಹೊರಟ ದಿಕ್ಕಿನಲ್ಲೇ ರಿಂಗು ಬಿಗಿಯುತ್ತದೆ. ಅದನ್ನು ಎಡಕ್ಕೆ ತಿರುಗಿಸುವ ಕೆಲಸವನ್ನು ಕಾಕಾ ಹುಡುಗಿಗೇ ಬಿಟ್ಟರು. ಅವಳು ಹಲ್ಲು ಕಚ್ಚಿ ಬಿಗಿದಳು. ಅವರು ಮೇಲೆ ಇನ್ನೊಂದು ಎಳೆ ಎಳೆದು ನೋಡಿದರು, ಅಲುಗಲಿಲ್ಲ.

“ಎಂಟ್ ದಿನ ಓಡಿಸಿ ತಗೊಂಡ ಬಾ. ಅಲ್ಲಿ ಮಟ ಯಾರ ಕೈಯಾಗೂ ಚಾವಿ ಕೊಡಬ್ಯಾಡ.”

“ಮುಂದಿನ ಗಾಲಿನೂ ತರ್ಲ್ಯಾ ಕಾಕಾ? ಅದರಾಗ ನಾಕೈದು ಕಡ್ಡಿ ದನಿ ಬ್ಯಾರೆ ಬರ್ತಾವ ಅನಸ್ತದ.”

“ತಾ. ನೀನ ಹುಡುಕಿ ತೋರಸು, ನಾ ಬಿಗೀತೇನಿ.”