ಸೋತ ತಂಡ ಕಟ್ಟುವ ಲೆಕ್ಕ ಸಿಕ್ಕಿದ್ದು ಹೀಗೆ

2024ರ ನವೆಂಬರ್ 24, ಭಾನುವಾರ. ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ಆಟಗಾರರ ಹರಾಜು. ಇಲ್ಲಿ ನಮ್ಮ ಹೊಸದುರ್ಗ ಸೀಮೆಯಲ್ಲಿ ಮೊಬೈಲ್ ಹಿಡಿದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ರಾಹುಲ್‌ನ ಯಾಕೆ ಬಿಟ್ರು?’ ನಮ್ಮ ಮನೆ ಹುಡುಗ ಎಂದುಕೊಂಡಿದ್ದ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾಗಿದ್ದರು. ರಿಷಭ್ ಪಂತ್‌ಗೆ ಲಖನೌ 27 ಕೋಟಿ ಸುರಿದಿತ್ತು. ಶ್ರೇಯಸ್ ಅಯ್ಯರ್‌ಗೆ ಪಂಜಾಬ್ 26.75 ಕೋಟಿ ಕೊಟ್ಟಿತ್ತು. ಜೇಬಿನಲ್ಲಿ 83 ಕೋಟಿ ಇಟ್ಟುಕೊಂಡು ಹೋಗಿದ್ದ ಆರ್‌ಸಿಬಿ ಮಾತ್ರ ಕೈಕಟ್ಟಿ ಕುಳಿತಂತೆ ಕಾಣುತ್ತಿತ್ತು. ಹರಕೆ ಹೊತ್ತು ಹಾಲುರಾಮೇಶ್ವರಕ್ಕೆ ಹೊರಟ ಗಾಡಿಗಳಲ್ಲೂ ಆ ವಾರ ಇದೇ ಮಾತು. ಹದಿನೇಳು ವರ್ಷ ಸೋತ ತಂಡಕ್ಕೆ ಬುದ್ಧಿ ಬರಲಿಲ್ಲ ಎಂಬುದೇ ಬಹುಮತದ ತೀರ್ಪು.

ಆರು ತಿಂಗಳ ಮೇಲೆ ಅದೇ ತಂಡ ಕಪ್ ಎತ್ತಿತು. ಆ ಹರಾಜಿನ ಮೇಜಿನ ಮುಂದೆ ಕೂತವರ ಬಳಿ ಒಂದು ಲೆಕ್ಕ ಇತ್ತು. ಆ ಲೆಕ್ಕದ ಬೇರು ಇರುವುದು ಬೇಸ್‌ಬಾಲ್‌ನಲ್ಲಿ. ಬೇಸ್‌ಬಾಲ್‌ನವರನ್ನು ನೂರು ವರ್ಷಕ್ಕೂ ಮೇಲೆ ದಾರಿ ತಪ್ಪಿಸಿದ ಇನ್ನೊಂದು ಲೆಕ್ಕ ಇದೆ. ಅದು ಹುಟ್ಟಿದ್ದು ಕ್ರಿಕೆಟ್‌ನಿಂದ. ಕತೆ ಅಲ್ಲಿಂದಲೇ ಶುರುವಾಗಬೇಕು.

ಹೆನ್ರಿ ಚಾಡ್‌ವಿಕ್ 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಅಮೆರಿಕಕ್ಕೆ ಬಂದು, ನ್ಯೂಯಾರ್ಕ್‌ನಲ್ಲಿ ಕ್ರಿಕೆಟ್ ವರದಿಗಾರರಾದರು. ಆಮೇಲೆ ಬೇಸ್‌ಬಾಲ್ ಹುಚ್ಚು ಹಿಡಿಯಿತು. ಕ್ರಿಕೆಟ್‌ನ ಸ್ಕೋರ್ ಪಟ್ಟಿಯನ್ನೇ ಮಾದರಿಯಾಗಿಟ್ಟುಕೊಂಡು 1859ರ ಸುಮಾರಿಗೆ ಬೇಸ್‌ಬಾಲ್‌ಗೂ ಒಂದು ಪಟ್ಟಿ ರೂಪಿಸಿದರು. ಮರುದಿನದ ಪತ್ರಿಕೆಯಲ್ಲಿ ಯಾರು ಎಷ್ಟು ಹೊಡೆದರು, ಯಾರು ಎಡವಿದರು ಎಂಬುದೆಲ್ಲ ಅಂಗೈಯಗಲದ ಜಾಗದಲ್ಲಿ ಸಿಗತೊಡಗಿತು.

ಬೇಸ್‌ಬಾಲ್‌ನಲ್ಲಿ ಎಸೆತಗಾರ ನಾಲ್ಕು ಸಲ ಗುರಿಯ ಚೌಕದಾಚೆ ಎಸೆದು, ಬ್ಯಾಟರ್ ಅದಕ್ಕೆ ಬ್ಯಾಟ್ ಬೀಸದೆ ಬಿಟ್ಟರೆ ಅವನು ನಡೆದುಕೊಂಡೇ ಮೊದಲ ಬೇಸ್‌ಗೆ ಹೋಗಬಹುದು. ಅದಕ್ಕೆ ‘ವಾಕ್’ ಎನ್ನುತ್ತಾರೆ. ಕ್ರಿಕೆಟ್‌ನಲ್ಲಿ ಇಂಥದ್ದಿಲ್ಲ. ನಮ್ಮಲ್ಲಿ ವೈಡ್ ಬಿದ್ದರೆ ರನ್ ಇತರೆ ಖಾತೆಗೆ ಹೋಗುತ್ತದೆ, ಬ್ಯಾಟರ್ ಹೆಸರಿಗಲ್ಲ. ಚಾಡ್‌ವಿಕ್ ಕೂಡ ಹಾಗೇ ಯೋಚಿಸಿದರು. ವಾಕ್ ಎಂದರೆ ಎಸೆದವನ ತಪ್ಪು, ಅದರಲ್ಲಿ ಬ್ಯಾಟರ್‌ನ ಹೆಚ್ಚುಗಾರಿಕೆ ಏನೂ ಇಲ್ಲ ಎಂದು ಬರೆದುಬಿಟ್ಟರು. 1887ರಲ್ಲಿ ಲೀಗ್‌ನವರು ಒಂದೇ ಒಂದು ವರ್ಷ ವಾಕನ್ನೂ ಹೊಡೆತವೆಂದು ಎಣಿಸಿ ನೋಡಿದರು. ಎಲ್ಲರ ಸರಾಸರಿಯೂ ಗಗನಕ್ಕೇರಿತು, ಮರುವರ್ಷ ಕೈಬಿಟ್ಟರು. ಹೀಗಾಗಿ ತಾಳ್ಮೆಯಿಂದ ನಿಂತು, ಕೆಟ್ಟ ಎಸೆತ ಬಿಟ್ಟು, ಔಟಾಗದೆ ಬೇಸ್ ಸೇರುವ ಆಟಗಾರನಿಗೆ ಬ್ಯಾಟಿಂಗ್ ಸರಾಸರಿಯಲ್ಲಿ ಲೆಕ್ಕವೇ ಇಲ್ಲವಾಯಿತು. ಪಟ್ಟಿಯಲ್ಲಿ ಕಾಣದ್ದಕ್ಕೆ ಯಾವ ಮಾಲೀಕ ದುಡ್ಡು ಕೊಡುತ್ತಾನೆ?

ಆ ಕಾಣದ್ದನ್ನು ಮೊದಲು ಎಣಿಸಿದವರಲ್ಲಿ ಬ್ರಾಂಚ್ ರಿಕಿ ಒಬ್ಬರು. 1947ರಲ್ಲಿ ಕಪ್ಪು ಜನಾಂಗದ ಜಾಕಿ ರಾಬಿನ್ಸನ್‌ನನ್ನು ಬ್ರೂಕ್ಲಿನ್ ಡಾಜರ್ಸ್ ತಂಡದಲ್ಲಿ ಆಡಿಸಿ ಬಣ್ಣದ ಗೋಡೆ ಒಡೆದ ಜನರಲ್ ಮ್ಯಾನೇಜರ್ ಎಂದು ಲೋಕ ಅವರನ್ನು ನೆನೆಯುತ್ತದೆ. ಅದೇ ವರ್ಷ ಅವರು ಆಲನ್ ರಾತ್ ಎಂಬ ಅಂಕಿಅಂಶಗಾರನನ್ನು ತಂಡಕ್ಕೆ ಕರೆತಂದರು. 1954ರಲ್ಲಿ ಲೈಫ್ ಪತ್ರಿಕೆಯಲ್ಲಿ ರಿಕಿ ಹೆಸರಿನಲ್ಲಿ ಬಂದ ಲೇಖನ, ಬ್ಯಾಟಿಂಗ್ ಸರಾಸರಿಗಿಂತ ಬೇಸ್ ಸೇರುವ ಪ್ರಮಾಣವೇ ಮುಖ್ಯ ಎಂದು ಸೂತ್ರ ಸಮೇತ ಹೇಳಿತು. ಓದಿದವರು ಓದಿ ಮಡಚಿಟ್ಟರು.

ಮುಂದಿನ ಹೆಜ್ಜೆ ಇಟ್ಟವನು ಒಬ್ಬ ಅಭಿಮಾನಿ, ತಂಡದ ಒಳಗಿನವನಲ್ಲ. ಈ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ ಡಬ್ಬಿಯಲ್ಲಿ ಆಹಾರ ತುಂಬುವ ಕಾರ್ಖಾನೆಯೊಂದರ ಕಾವಲುಗಾರ ಬಿಲ್ ಜೇಮ್ಸ್. ಹಳೆಯ ಪತ್ರಿಕೆಗಳ ಸ್ಕೋರ್ ಪಟ್ಟಿಗಳನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳುವುದೇ ಅವನ ಹವ್ಯಾಸ. ಎಲ್ಲರೂ ಹೇಳುವ ಮಾತು ನಿಜವೋ, ಎಣಿಸಿ ನೋಡೋಣ ಎಂಬ ಹಟ. 1977ರಲ್ಲಿ ಅರವತ್ತೆಂಟು ಪುಟದ ಪುಸ್ತಕವೊಂದನ್ನು ತಾನೇ ನಕಲು ತೆಗೆಸಿ ಮಾರಿದ. ಕೊಂಡವರು 75 ಜನ. ಅವನು ನಿಲ್ಲಿಸಲಿಲ್ಲ, ವರ್ಷಕ್ಕೊಂದು ಪುಸ್ತಕ ಬರುತ್ತಾ ಹೋಯಿತು. ಓದುಗರು ಹೆಚ್ಚಿದರು, ವಾದಕ್ಕೆ ಬಂದರು, ತಪ್ಪು ತಿದ್ದಿದರು, ತಾವೂ ಎಣಿಸಿದರು. ಬೇಸ್ ಸೇರುವ ಪ್ರಮಾಣವನ್ನು ಲೀಗ್ ಅಧಿಕೃತ ಅಂಕಿಯಾಗಿ ಒಪ್ಪಿಕೊಂಡಿದ್ದು 1984ರಲ್ಲಿ. ತಂಡಗಳು ಮಾತ್ರ ಆಟಗಾರನ ಮೈಕಟ್ಟು, ಓಟ, ಹೊಡೆತದ ಸದ್ದು ನೋಡಿಯೇ ಬೆಲೆ ಕಟ್ಟುತ್ತಿದ್ದವು. ನಮ್ಮ ಕಡೆ ತೆಂಗಿನಕಾಯಿಯ ಗಾತ್ರ ನೋಡಿ ದರ ಹೇಳುವವರಿದ್ದಾರೆ, ಒಡೆದ ಮೇಲೆ ಕೊಬ್ಬರಿ ಎಷ್ಟು ತೂಗಿತು ಎಂದು ಬರೆದಿಟ್ಟುಕೊಳ್ಳುವವರೂ ಇದ್ದಾರೆ. ಜೇಮ್ಸ್ ಎರಡನೆಯ ಬಗೆಯವನು.

ಆ ಬರಹಗಳನ್ನು ಗಂಭೀರವಾಗಿ ತೆಗೆದುಕೊಂಡಿದ್ದು ಕ್ಯಾಲಿಫೋರ್ನಿಯಾದ ಬಡ ತಂಡ ಓಕ್ಲೆಂಡ್. 2001ರಲ್ಲಿ ಅದು 102 ಪಂದ್ಯ ಗೆದ್ದಿತ್ತು. ವರ್ಷ ಮುಗಿಯುತ್ತಿದ್ದಂತೆ ಜೇಸನ್ ಜಿಯಾಂಬಿ, ಜಾನಿ ಡೇಮನ್, ಜೇಸನ್ ಇಸ್ರಿಂಗ್‌ಹೌಸನ್ ಮೂವರನ್ನೂ ಶ್ರೀಮಂತ ತಂಡಗಳು ಎತ್ತಿಕೊಂಡು ಹೋದವು. ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಕೈಯಲ್ಲಿದ್ದ ಸಂಬಳದ ಹಣ ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕ್ ಯಾಂಕೀಸ್ ಖರ್ಚು ಮಾಡುತ್ತಿದ್ದುದು ಅದರ ಮೂರು ಪಟ್ಟು. ಜಿಯಾಂಬಿಯಂಥವನನ್ನು ಕೊಳ್ಳುವ ಮಾತೇ ಇರಲಿಲ್ಲ. ಬೀನ್ ಮತ್ತು ಅವರ ಸಹಾಯಕ ಪಾಲ್ ಡಿಪೊಡೆಸ್ಟಾ ಕೇಳಿಕೊಂಡ ಪ್ರಶ್ನೆ ಬೇರೆ: ಅವನು ಹೋದದ್ದರಿಂದ ತಂಡಕ್ಕೆ ನಷ್ಟವಾದದ್ದು ಏನು, ಅದನ್ನು ಅಗ್ಗಕ್ಕೆ ಎಲ್ಲೆಲ್ಲಿಂದ ಕೂಡಿಸಬಹುದು?

ಉತ್ತರವಾಗಿ ಸಿಕ್ಕವನು ಸ್ಕಾಟ್ ಹ್ಯಾಟ್‌ಬರ್ಗ್. ಬಾಸ್ಟನ್‌ನಲ್ಲಿ ಕ್ಯಾಚರ್ ಆಗಿದ್ದ. ಮೊಣಕೈಯ ನರ ಕೆಟ್ಟು ಚೆಂಡು ಎಸೆಯುವುದೇ ಕಷ್ಟವಾಗಿತ್ತು, ಯಾರಿಗೂ ಬೇಡವಾಗಿದ್ದ. ಆದರೆ ಅವನು ಕೆಟ್ಟ ಎಸೆತಕ್ಕೆ ಬ್ಯಾಟ್ ಬೀಸುತ್ತಿರಲಿಲ್ಲ. ಓಕ್ಲೆಂಡ್ ಅವನನ್ನು ಕರೆದು, ಜೀವನದಲ್ಲಿ ನಿಲ್ಲದ ಜಾಗವಾದ ಮೊದಲ ಬೇಸ್‌ನಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸಿತು. 2002ರ ಸೆಪ್ಟೆಂಬರ್ 4ರಂದು ಕಾನ್ಸಾಸ್ ಸಿಟಿ ವಿರುದ್ಧ ಓಕ್ಲೆಂಡ್ 11-0 ಮುಂದಿತ್ತು. ನೋಡನೋಡುತ್ತ ಅದು 11-11 ಆಯಿತು. ಕೊನೆಯ ಸರದಿಯಲ್ಲಿ ಬದಲಿ ಬ್ಯಾಟರ್ ಆಗಿ ಬಂದ ಹ್ಯಾಟ್‌ಬರ್ಗ್ ಚೆಂಡನ್ನು ಬೇಲಿಯಾಚೆ ಹೊಡೆದ. ಅದು ಸತತ 20ನೇ ಗೆಲುವು. ಆ ವರ್ಷ ಓಕ್ಲೆಂಡ್ ಗೆದ್ದ ಪಂದ್ಯಗಳು 103. ಯಾಂಕೀಸ್ ಗೆದ್ದಿದ್ದೂ 103. ಓಕ್ಲೆಂಡ್‌ಗೆ ಕಪ್ ಸಿಗಲಿಲ್ಲ, ನಿಜ. ಅದೇ ಬಿಲ್ ಜೇಮ್ಸ್‌ನನ್ನು ಸಲಹೆಗಾರನಾಗಿ ಸೇರಿಸಿಕೊಂಡ ಬಾಸ್ಟನ್, 86 ವರ್ಷಗಳ ಬರ ನೀಗಿಸಿ 2004ರಲ್ಲಿ ಕಪ್ ಗೆದ್ದಿತು.

ಆಮೇಲೆ ಅಮೆರಿಕದ ಅಭಿಮಾನಿಗಳ ಜಗಳ ಬೇರೆ ದಿಕ್ಕಿಗೆ ಹೊರಳಿತು. ಅಲ್ಲಿ ತಳದಲ್ಲಿರುವ ತಂಡಕ್ಕೆ ಹೊಸ ಹುಡುಗರನ್ನು ಮೊದಲು ಆರಿಸುವ ಹಕ್ಕಿತ್ತು. ಹಾಗಾದರೆ ನಾಲ್ಕು ವರ್ಷ ಸೋತು, ಒಳ್ಳೆಯ ಎಳೆಯರನ್ನು ಕೂಡಿಹಾಕಿ ಗೆಲ್ಲಬಾರದೇಕೆ? ಹ್ಯೂಸ್ಟನ್ ಅದನ್ನೇ ಮಾಡಿತು. 2011ರಿಂದ ಮೂರು ವರ್ಷ 106, 107, 111 ಸೋಲು. 2013ರ ಒಂದು ಪಂದ್ಯದ ಟಿವಿ ವೀಕ್ಷಣೆಯ ರೇಟಿಂಗ್ 0.0 ಬಂತು. 2017ರಲ್ಲಿ ಕಪ್ಪೂ ಬಂತು. ಎದುರಾಳಿಯ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದದ್ದು ಬಯಲಾಗಿ 2020ರಲ್ಲಿ ಜನರಲ್ ಮ್ಯಾನೇಜರ್ ಜೆಫ್ ಲೂನೋ ಕೆಲಸವೂ ಹೋಯಿತು. ಬೇಕೆಂದೇ ಸೋಲುವುದನ್ನು ತಡೆಯಲು ಈಗ ಆಯ್ಕೆಗೆ ಲಾಟರಿ ತಂದಿದ್ದಾರೆ. ಟಿಕೆಟ್ ಕೊಂಡು ಬಂದವನ ಮುಂದೆ ತಿಳಿದೂ ದುರ್ಬಲ ತಂಡ ಆಡಿಸುವುದು ಮೋಸ ಎಂದೇ ನಾನು ನಂಬುತ್ತೇನೆ.

ಐಪಿಎಲ್‌ನಲ್ಲಿ ಆ ದಾರಿ ಇಲ್ಲ. ಎಲ್ಲರ ಹಣದ ಚೀಲವೂ ಒಂದೇ ಅಳತೆ, ಸೋತವನಿಗೆ ಬಹುಮಾನ ಇಲ್ಲ, ಕೆಲವು ವರ್ಷಕ್ಕೊಮ್ಮೆ ತಂಡವೇ ಚೆಲ್ಲಾಪಿಲ್ಲಿ. ಇದ್ದ ಹಣವನ್ನು ಎಲ್ಲಿ ಹಾಕುತ್ತೀರಿ ಎಂಬುದೊಂದೇ ಪರೀಕ್ಷೆ. ಆ ಪರೀಕ್ಷೆಯಲ್ಲಿ ಆರ್‌ಸಿಬಿ ಮತ್ತೆ ಮತ್ತೆ ಬ್ಯಾಟಿಂಗ್ ದಿಗ್ಗಜರ ಕಡೆಗೇ ವಾಲಿತು. 2009ರ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್‌ಗೆ 4 ವಿಕೆಟ್ ಕಿತ್ತರೂ 6 ರನ್ ಸೋಲು. 2011ರಲ್ಲಿ ಹರಾಜಿನಲ್ಲಿ ಯಾರೂ ಕೊಳ್ಳದ ಕ್ರಿಸ್ ಗೇಲ್ ಗಾಯಾಳುವೊಬ್ಬರ ಬದಲಿಗೆ ಬಂದು 608 ರನ್ ಸಿಡಿಸಿದರು. ಮಾರುಕಟ್ಟೆ ಎಷ್ಟು ತಪ್ಪಬಹುದು ಎಂಬ ಪಾಠ ಅಲ್ಲೇ ಇತ್ತು. ಆದರೆ ಅದು ಅದೃಷ್ಟವಾಗಿ ಬಂತು, ಪದ್ಧತಿಯಾಗಲಿಲ್ಲ. 2016ರಲ್ಲಿ ಕೊಹ್ಲಿ 973 ರನ್ ಗಳಿಸಿದರು. ಫೈನಲ್‌ನಲ್ಲಿ ನಮ್ಮ ಬೌಲರ್‌ಗಳು ಬಿಟ್ಟುಕೊಟ್ಟದ್ದು 208. ವಿಕೆಟ್ ನಷ್ಟವಿಲ್ಲದೆ 114 ಇದ್ದ ನಾವು 200ಕ್ಕೆ ನಿಂತೆವು. ಆ ರಾತ್ರಿ ಮೇಲಿನ ಮೂವರು ಔಟಾದ ಮೇಲೆ ಯಾರು, ಕೊನೆಯ ಓವರ್‌ಗಳನ್ನು ಹಾಕುವವರು ಯಾರು ಎಂಬ ಎರಡು ಪ್ರಶ್ನೆಗಳು ಎದ್ದವು. ಉತ್ತರಕ್ಕೆ ಎಂಟು ವರ್ಷ ಬೇಕಾಯಿತು.

2023ರಲ್ಲಿ ಆಂಡಿ ಫ್ಲವರ್ ಕೋಚ್ ಆಗಿ, ಮೊ ಬೊಬಾಟ್ ಕ್ರಿಕೆಟ್ ನಿರ್ದೇಶಕರಾಗಿ ಬಂದರು. ಬೇಸ್‌ಬಾಲ್‌ನ ಜನರಲ್ ಮ್ಯಾನೇಜರ್ ಕುರ್ಚಿಗೆ ನಮ್ಮಲ್ಲಿ ಸಮನಾದದ್ದು ಬೊಬಾಟ್ ಕುಳಿತ ಕುರ್ಚಿಯೇ. ಅಂಕಿಅಂಶದ ಕೆಲಸಕ್ಕೆ ಫ್ರೆಡ್ಡಿ ವೈಲ್ಡ್ ಇದ್ದರು. ನಿವೃತ್ತರಾದ ದಿನೇಶ್ ಕಾರ್ತಿಕ್ ಮಾರ್ಗದರ್ಶಕರಾದರು. ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನಷ್ಟೇ ಉಳಿಸಿಕೊಂಡು ಜೆಡ್ಡಾಕ್ಕೆ ಹೋದರು. ಅಲ್ಲಿ ಅವರ ಅತಿ ದುಬಾರಿ ಖರೀದಿ ಬೌಲರ್ ಜೋಶ್ ಹ್ಯಾಜಲ್‌ವುಡ್, 12.5 ಕೋಟಿ. ಪಂತ್‌ಗೆ ಬಿದ್ದ ಬೆಲೆಯ ಅರ್ಧವೂ ಇಲ್ಲ. ಎರಡನೇ ದಿನ ಭುವನೇಶ್ವರ್ ಕುಮಾರ್ 10.75, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3, ರೊಮಾರಿಯೊ ಶೆಫರ್ಡ್ 1.5 ಕೋಟಿ. ಒಬ್ಬ ತಾರೆಯ ಬೆಲೆಯಲ್ಲಿ ನಾಲ್ಕೈದು ಜಾಗ ತುಂಬಿದವು.

ಡೇವಿಡ್, ಶೆಫರ್ಡ್ ಥರದವರು ಕ್ರೀಸಿಗೆ ಬರುವಾಗ ಉಳಿದಿರುವುದು ಹತ್ತು ಹದಿನೈದು ಎಸೆತ. ಅವರ ಒಟ್ಟು ರನ್ ಚಿಕ್ಕದಾಗಿಯೇ ಕಾಣುತ್ತದೆ. ಚಾಡ್‌ವಿಕ್ ಪಟ್ಟಿಯಲ್ಲಿ ವಾಕ್ ಕಾಣದೆ ಹೋದಂತೆ, ನಮ್ಮ ಹಳೆಯ ಪಟ್ಟಿಯಲ್ಲಿ ಈ ಕೆಲಸ ಕಾಣುವುದಿಲ್ಲ. 2025ರ ಮೇ 3ರಂದು ಚೆನ್ನೈ ವಿರುದ್ಧ ಶೆಫರ್ಡ್ 14 ಎಸೆತದಲ್ಲಿ 53 ಹೊಡೆದರು; ಆ ಪಂದ್ಯವನ್ನು ನಾವು ಗೆದ್ದದ್ದು 2 ರನ್‌ನಿಂದ. ಆ ಸಲ ಲೀಗ್ ಹಂತದಲ್ಲಿ ತವರಿನಾಚೆಯ ಏಳೂ ಪಂದ್ಯ ಗೆದ್ದ ಮೊದಲ ತಂಡವಾಯಿತು ಆರ್‌ಸಿಬಿ. ಪಂದ್ಯಶ್ರೇಷ್ಠರಾದವರು ಒಂಬತ್ತು ಬೇರೆ ಬೇರೆ ಆಟಗಾರರು.

ಜೂನ್ 3ರ ಅಹಮದಾಬಾದ್ ಫೈನಲ್‌ನಲ್ಲಿ ಗಳಿಸಿದ್ದು 190. ಆ ಮೈದಾನಕ್ಕೆ ಅದು ದೊಡ್ಡ ಮೊತ್ತವಲ್ಲ. ಪಂಜಾಬ್ ಬೆನ್ನಟ್ಟುವಾಗ ಕೃಣಾಲ್ ನಾಲ್ಕು ಓವರ್‌ನಲ್ಲಿ 17 ರನ್ ಕೊಟ್ಟು ಪ್ರಭ್‌ಸಿಮ್ರನ್, ಇಂಗ್ಲಿಸ್ ಇಬ್ಬರನ್ನೂ ಕಳಿಸಿದರು. ಒಂದು ಎಸೆತ ನಿಧಾನ, ಮುಂದಿನದು ಇನ್ನೂ ನಿಧಾನ, ಆಮೇಲೊಂದು ಸರ್ರನೆ ನುಗ್ಗುವ ಚೆಂಡು. 26.75 ಕೋಟಿಯ ಶ್ರೇಯಸ್ 1 ರನ್ ಗಳಿಸಿ ಔಟಾದದ್ದು ಶೆಫರ್ಡ್ ಬೌಲಿಂಗ್‌ನಲ್ಲಿ. ಭುವನೇಶ್ವರ್ 17ನೇ ಓವರ್‌ನಲ್ಲಿ ಎರಡು ವಿಕೆಟ್ ಕಿತ್ತರು. ಕೊನೆಯ ಓವರ್‌ನಲ್ಲಿ 29 ಬೇಕಿತ್ತು, ಚೆಂಡು ಹ್ಯಾಜಲ್‌ವುಡ್ ಕೈಯಲ್ಲಿತ್ತು. 6 ರನ್ ಗೆಲುವು. ಹಾಗೆಂದು ಪಂಜಾಬ್‌ನದು ದಡ್ಡತನವೆನ್ನಲಾಗದು. ಶ್ರೇಯಸ್ ನಾಯಕತ್ವದಲ್ಲೇ ಆ ತಂಡ ಫೈನಲ್ ತನಕ ಬಂದಿತ್ತು.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಈ ಗೆಲುವಿನ ಕತೆ ಹೇಳುವವರು ಅದನ್ನು ಬಿಟ್ಟು ಹೇಳುವ ಹಾಗಿಲ್ಲ. ಹದಿನೆಂಟು ವರ್ಷ ಈ ತಂಡವನ್ನು ಕೈಬಿಡದೆ ಹಿಡಿದವರು ಅಂಥ ಅಭಿಮಾನಿಗಳೇ.

ರಾಹುಲ್ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಆ ಹರಾಜಿನಲ್ಲಿ ಅವರನ್ನು ಬಿಟ್ಟದ್ದು ಸರಿ, ಆ ಹಣ ಬೌಲರ್‌ಗಳಿಗೆ ಹೋಗಬೇಕಿತ್ತು. ಆದರೆ ನಮ್ಮ ಹುಡುಗರು ಎಲ್ಲಿ ಎಂಬ ಸಂಕಟ ಸುಳ್ಳಲ್ಲ. ಪಕ್ಕದ ದಾವಣಗೆರೆಯ ಆಟೊ ಚಾಲಕರ ಮಗ ಆರ್. ವಿನಯ್ ಕುಮಾರ್ ನಾಯಕರಾಗಿ ಕರ್ನಾಟಕಕ್ಕೆ 2013-14, 2014-15ರಲ್ಲಿ ಸಾಲಾಗಿ ಎರಡು ರಣಜಿ ಟ್ರೋಫಿ ತಂದುಕೊಟ್ಟರು. ಅಂಥವರು ಈ ಬಯಲುಸೀಮೆಯ ಸಣ್ಣ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಹುಡುಕಲು ಬಿಲ್ ಜೇಮ್ಸ್‌ಗೆ ಸಿಕ್ಕಂಥ ಕಾಗದ ನಮ್ಮಲ್ಲಿಲ್ಲ, ಅಷ್ಟೇ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನಲ್ಲಿ ಟೂರ್ನಿ ನಡೆಸುವ ಗೆಳೆಯರೇ, ಟ್ರೋಫಿ ಒಂದಿಂಚು ಚಿಕ್ಕದಾದರೂ ಚಿಂತೆಯಿಲ್ಲ. ಆ ದುಡ್ಡಿನಲ್ಲಿ ಒಂದು ಸ್ಕೋರ್ ಪುಸ್ತಕ ಕೊಳ್ಳಿ, ಪ್ರತಿ ಎಸೆತವನ್ನೂ ಬರೆಸಿ, ಟೂರ್ನಿ ಮುಗಿದ ಮೇಲೆ ಅದನ್ನು ಎಸೆಯದೆ ಇಟ್ಟುಕೊಳ್ಳಿ.