ಗ್ರಾಮಸಾಮಾನ್ಯ ಭೂಮಿ ಮತ್ತು ಕೈಗಾರಿಕಾ ನೆಡುತೋಪು: ಕುಸನೂರಿನ ವಿವಾದ

ಸಾಗುವಳಿಯಾಗದ ನೆಲವನ್ನು ಪಾಳುಭೂಮಿಯೆಂದು ದಾಖಲೆಗಳಲ್ಲಿ ನಮೂದಿಸುವುದು ವಾಡಿಕೆ. ಆದರೆ ಹಳ್ಳಿಯ ಜೀವನದಲ್ಲಿ ಅಂತಹ ನೆಲವು ಪಾಳಲ್ಲ. ದನಕರುಗಳಿಗೆ ಮೇವು, ಒಲೆಗೆ ಸೌದೆ, ಹೊಲಗದ್ದೆಗಳಿಗೆ ಸೊಪ್ಪುಗೊಬ್ಬರ, ನೇಗಿಲಿಗೆ ಮರ ಇವೆಲ್ಲ ಒದಗುವುದು ಬಹುಮಟ್ಟಿಗೆ ಅಲ್ಲಿಂದಲೇ. ಸ್ವಂತ ಜಮೀನಿಲ್ಲದವರಿಗಂತೂ ಅದೇ ಆಧಾರ. ಈ ಎರಡು ದೃಷ್ಟಿಗಳ ಘರ್ಷಣೆಗೆ ಕರ್ನಾಟಕದ ಸಿ ಮತ್ತು ಡಿ ದರ್ಜೆಯ ಭೂಮಿಗಳ ವಿವಾದವು ಒಂದು ನಿದರ್ಶನವಾಗಿದೆ.

1984ರಲ್ಲಿ ರಾಜ್ಯದ ಅರಣ್ಯಾಭಿವೃದ್ಧಿ ನಿಗಮವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿದುವು. ನಿಗಮದ ಪಾಲು ಶೇಕಡ 51, ಕಾರ್ಖಾನೆಯದು 49. ಸುಮಾರು 30,000 ಹೆಕ್ಟೇರು ನೆಲದಲ್ಲಿ ನೀಲಗಿರಿಯಂತಹ ಮರಗಳನ್ನು ಬೆಳೆಸಿ, ರೇಯಾನ್ ನೂಲಿಗೆ ಬೇಕಾಗುವ ತಿರುಳಿಗೆ ಕಚ್ಚಾಸಾಮಗ್ರಿಯನ್ನು ಒದಗಿಸುವುದು ಯೋಜನೆಯ ಉದ್ದೇಶವಾಗಿತ್ತು. ಬೋಳುನೆಲ ಹಸುರಾಗುವುದು, ಉದ್ಯೋಗ ದೊರೆಯುವುದು, ಸಹಜಾರಣ್ಯದ ಮೇಲಣ ಭಾರ ತಗ್ಗುವುದು ಎಂಬ ಸಮರ್ಥನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಹಳ್ಳಿಗರ ಆಕ್ಷೇಪಣೆಗೂ ಬಲವಾದ ಆಧಾರವಿತ್ತು. ನೀಲಗಿರಿಯ ಎಲೆಯನ್ನು ದನಗಳು ಮೇಯವು. ಅದು ಗೊಬ್ಬರದ ಸೊಪ್ಪಾಗಿಯೂ ಒದಗದು. ಬೆಳೆದ ಮರವು ಕಾರ್ಖಾನೆಗೆ ಸಲ್ಲುವುದು. ಆದುದರಿಂದ ಮರ ಬೇಕೋ ಬೇಡವೋ ಎಂಬುದು ಇಲ್ಲಿಯ ಪ್ರಶ್ನೆಯಾಗಿರಲಿಲ್ಲ. ಯಾವ ಮರ, ಯಾರಿಗಾಗಿ, ಯಾರ ಸಮ್ಮತಿಯಿಂದ ಎಂಬುದೇ ಪ್ರಶ್ನೆಯಾಗಿತ್ತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಈ ವಿಷಯವನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಿತು, ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರೂ ಒಬ್ಬರು. 1987ರಲ್ಲಿ ತಡೆಯಾಜ್ಞೆ ದೊರೆಯಿತು. ಅದೇ ವರ್ಷ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಆ ಸೀಮೆಯ ಮಾತಿನಲ್ಲಿ ಹಚ್ಚುವುದೆಂದರೆ ಸಸಿ ನೆಡುವುದು. ಜನರು ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ನಿಷೇಧದೊಡನೆ ಪರ್ಯಾಯವನ್ನೂ ತೋರಿದುದು ಈ ಚಳವಳಿಯ ವೈಶಿಷ್ಟ್ಯ. 1991ರಲ್ಲಿ ಜಂಟಿ ಸಂಸ್ಥೆಯನ್ನು ವಿಸರ್ಜಿಸಲಾಯಿತು.

ಆದರೂ ಮೂಲಸಮಸ್ಯೆ ಅಲ್ಲಿಗೆ ಪರಿಹಾರವಾಗಲಿಲ್ಲ. ತಲೆಮಾರುಗಳಿಂದ ಬಳಸಿದ ಹಕ್ಕು ಲಿಖಿತವಾಗಿಲ್ಲದಿದ್ದರೆ, ನೆಲವನ್ನು ಇನ್ನೊಂದು ಕಾರ್ಯಕ್ಕೆ ವಹಿಸುವುದು ಸುಲಭ. ಅರಣ್ಯಭೂಮಿಯ ಮಟ್ಟಿಗೆ 2006ರ ಅರಣ್ಯ ಹಕ್ಕು ಕಾಯಿದೆಯು ಸಮುದಾಯದ ಹಕ್ಕುಗಳನ್ನು ಮನ್ನಿಸಿದೆ. ಗ್ರಾಮದ ಸಾಮಾನ್ಯ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತು. ಇಂತಹ ವಿವಾದಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಕಂದಾಯದ ದಾಖಲೆಯೊಂದನ್ನೇ ನೆಚ್ಚದೆ, ಆ ನೆಲದಿಂದ ಯಾವ ಮನೆಗೆ ಏನು ಬರುತ್ತಿತ್ತೆಂಬುದನ್ನೂ ಮೊದಲು ಗುರುತಿಸಿಕೊಳ್ಳುವುದು ಅವಶ್ಯಕ.